ಇಪ್ಪತ್ತೆಂಟನ್ನು ಹತ್ತರಿಂದ ಭಾಗಿಸಿದರೆ

ಫ್ರೀಮಾಂಟಿನಲ್ಲಿ ಮಕ್ಕಳ ಸಾಕರ್ ತಂಡಕ್ಕೆ ಕೋಚ್ ಆಗಲು ಸಾಕರ್ ಬರಬೇಕೆಂದೇನಿಲ್ಲ. ಸ್ವಯಂಸೇವಕರು ಬೇಕೆಂದು ಇಮೇಲ್ ಮೇಲೆ ಇಮೇಲ್ ಬಂದಾಗ 'ಆಗಲಿ' ಅಂದುಬಿಡುವ ದಾಕ್ಷಿಣ್ಯವಿದ್ದರೆ ಸಾಕು. ನಮ್ಮನೆಯವರಿಗೆ ಅದು ಧಾರಾಳವಾಗಿದೆ. ಶಿವಮೊಗ್ಗದ ಗಲ್ಲಿಯಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಅಲ್ಲಿಯ ಕಾನೂನು ಸರಳ: ಬ್ಯಾಟು ಯಾರದೋ ಅವನಿಗೇ ಮೊದಲ ಬ್ಯಾಟಿಂಗ್, ಚಿಕ್ಕವರೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಇಲ್ಲಿ ಹಾಗೆ ನಡೆಯುವುದಿಲ್ಲ. 1964ರಲ್ಲಿ ಇದೇ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎವೈಎಸ್‌ಒ ಎಂಬ ಮಕ್ಕಳ ಸಾಕರ್ ಸಂಸ್ಥೆಯ ಸೂತ್ರವೇ 'ಎಲ್ಲರೂ ಆಡಬೇಕು'. ಪ್ರತಿ ಪಂದ್ಯದಲ್ಲೂ ಪ್ರತಿ ಮಗುವಿಗೂ ಕನಿಷ್ಠ ಅರ್ಧ ಆಟ ಸಿಗಲೇಬೇಕು. ಹತ್ತು ವರ್ಷದೊಳಗಿನವರ ಪಂದ್ಯ 50 ನಿಮಿಷ, ಮೈದಾನದಲ್ಲಿ ತಂಡಕ್ಕೆ ಏಳು ಜನ, ಆಟಗಾರರನ್ನು ಬದಲಾಯಿಸಲೆಂದು ನಾಲ್ಕು ಕ್ವಾರ್ಟರ್. ಏಳ್ನಾಲ್ಕಲಿ ಇಪ್ಪತ್ತೆಂಟು. ನಮ್ಮ ತಂಡದಲ್ಲಿ ಮಕ್ಕಳು ಹತ್ತು. ಎಂಟು ಮಕ್ಕಳಿಗೆ ಮೂರು ಮೂರು ಕ್ವಾರ್ಟರ್ ಕೊಟ್ಟರೆ ಇಬ್ಬರಿಗೆ ಎರಡೆರಡೇ ಉಳಿಯುತ್ತದೆ.

ಆ ಇಬ್ಬರು ಯಾರು ಎಂಬುದರಲ್ಲೇ ನಮ್ಮ ಸಂಸಾರದ ನೆಮ್ಮದಿ ನಿಂತಿದೆ.

ಶುಕ್ರವಾರ ರಾತ್ರಿ ಇವರು ಎಕ್ಸೆಲ್ ತೆರೆದು ಕೂರುತ್ತಾರೆ. ಒಬ್ಬಳಿಗೆ ಒಂಬತ್ತೂವರೆಗೆ ಭರತನಾಟ್ಯ, ಆದ್ದರಿಂದ ಕೊನೆಯ ಕ್ವಾರ್ಟರ್ ಬೇಡ. ಇಬ್ಬರಿಗೆ ಕನ್ನಡ ಕೂಟದ ರಾಜ್ಯೋತ್ಸವದ ರಿಹರ್ಸಲ್, ಬಂದರೂ ಬಂದರು, ಇಲ್ಲದಿದ್ದರೆ ಇಲ್ಲ. ಒಬ್ಬನ ಅಪ್ಪ ಗೆರೆಯಾಚೆ ಸ್ಟಾಪ್‌ವಾಚ್ ಹಿಡಿದೇ ನಿಲ್ಲುತ್ತಾರೆ; ಆಫೀಸಿನಲ್ಲೂ ಆಡಿಟರ್ ಅಂತೆ. ಇಷ್ಟೆಲ್ಲ ನೋಡಿ, ಯಾರ ಬಾಯಿಗೂ ಬೀಳುವುದು ಬೇಡವೆಂದು ಇವರು ವಾರವಾರವೂ ನಮ್ಮ ಮಗನನ್ನೇ ಎರಡರ ಪಟ್ಟಿಗೆ ಸೇರಿಸುತ್ತಿದ್ದರು.

ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಇದನ್ನು ಪತ್ತೆ ಹಚ್ಚಿದರು. ಮಡಿಸುವ ಕುರ್ಚಿ, ಸ್ವೆಟರು, ತಲೆಗೆ ಮಫ್ಲರು.

"ಏನೋ ಇದು, ಹೆತ್ತ ಮಗನನ್ನ ಕೂರಿಸಿ ಊರಿನ ಮಕ್ಕಳನ್ನ ಆಡಿಸ್ತೀಯಲ್ಲೋ?"

"ಅಮ್ಮಾ, ಎಲ್ಲರಿಗೂ ಸಮಾನವಾಗಿ ಹಂಚಬೇಕು ಕಣಮ್ಮ."

"ಸಮಾನ! ಆ ಗೋಲಿನ ಹತ್ತಿರ ನಿಂತಿದಾನಲ್ಲ, ಅವನ ಕಡೆಗೆ ಚೆಂಡೇ ಬಂದಿಲ್ಲ. ಜಡೆ ಹೆಣೆಯೋ ಹಾಗೆ ಬಲೆ ಹೆಣೀತಿದಾನೆ ಪಾಪ. ಅದೂ ಒಂದು ಕ್ವಾರ್ಟರೇನೋ? ಲೆಕ್ಕಕ್ಕುಂಟು, ಆಟಕ್ಕಿಲ್ಲ!"

ಎಕ್ಸೆಲ್‌ನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ನನಗಂತೂ ಅತ್ತೆ ಹೇಳಿದ್ದೇ ಸರಿ ಅನ್ನಿಸಿತು, ಆದರೆ ಸೊಸೆಯಾದವಳು ಮೈದಾನದಲ್ಲಿ ಅದನ್ನೆಲ್ಲ ಒಪ್ಪಿಕೊಳ್ಳಬಾರದು.

ಮುಂದಿನ ಶನಿವಾರ ತಿಂಡಿಯ ಸರದಿ ನಮ್ಮದಿತ್ತು. ಕಿತ್ತಳೆ ಹೋಳು, ಜ್ಯೂಸ್ ಪೊಟ್ಟಣ ಎಂದು ನಾನು ಯೋಚಿಸುತ್ತಿದ್ದರೆ ಅತ್ತೆ ಒಂದು ಡಬ್ಬ ಕೋಡುಬಳೆ ಕರಿದಿಟ್ಟಿದ್ದರು. ಕಡಲೆಕಾಯಿ ಹಾಕಿಲ್ಲ, ಅಲರ್ಜಿಯ ಭಯ ಬೇಡ ಎಂದು ತಾಯಂದಿರಿಗೆಲ್ಲ ನಾನು ಮೊದಲೇ ಮೆಸೇಜ್ ಹಾಕಿದೆ. ಅತ್ತೆಯ ಹಂಚಿಕೆಯ ಕಾನೂನು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆಟ ಮುಗಿದ ಮೇಲೆ ಮೂರು ಕ್ವಾರ್ಟರ್ ಆಡಿದವರಿಗೆ ಎರಡೆರಡು ಕೋಡುಬಳೆ, ಎರಡೇ ಆಡಿದವರಿಗೆ ನಾಲ್ಕು ನಾಲ್ಕು. "ಕೂತು ಕೂತು ಹಸಿವಾಗಿರುತ್ತೆ, ಪಾಪ." ನಮ್ಮವನು ನಾಲ್ಕನ್ನೂ ಬೆರಳುಗಳಿಗೆ ಏರಿಸಿಕೊಂಡು ಇಡೀ ತಂಡದೆದುರು ಒಂದು ಸುತ್ತು ಹೊಡೆದ. ಗೋಲು ಹೊಡೆದ ಹುಡುಗನನ್ನು ಯಾರೂ ತಿರುಗಿ ನೋಡಲಿಲ್ಲ.

ಆವತ್ತಿನಿಂದ ಸ್ಟಾಪ್‌ವಾಚ್ ಅಪ್ಪನ ಮಗ ಎರಡನೇ ಕ್ವಾರ್ಟರ್ ಮುಗಿಯುತ್ತಿದ್ದಂತೆ ಕಾಲು ನೋವೆಂದು ಕುಂಟತೊಡಗಿದ್ದಾನೆ. ಗೋಲು ಹೊಡೆದಿದ್ದ ಹುಡುಗ ತಾನಾಗಿ ಬಂದು ಬೆಂಚು ಕೇಳುತ್ತಾನೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಅವನ ಅಮ್ಮನ ವಾಟ್ಸಾಪ್: "ಕೋಚ್, ನಮ್ಮವನಿಗೆ ಕೂರೋ ಚಾನ್ಸೇ ಕೊಡ್ತಿಲ್ಲವಂತೆ. ಅಜ್ಜಿ ಊರಿಗೆ ಹೋಗೋದು ಯಾವಾಗ?"

ಎರಡರ ಪಟ್ಟಿಯಲ್ಲಿ ಇರುವುದು ಎರಡೇ ಜಾಗ, ಅರ್ಜಿ ಬಂದಿರುವುದು ಆರು. ಇವರು ಎಕ್ಸೆಲ್‌ನಲ್ಲಿ ಹೊಸ ಹಾಳೆ ತೆರೆದಿದ್ದಾರೆ.