ತೋಟಸ್ಥರ ನಗರದರ್ಶನ ಮೀಮಾಂಸೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ಬೆಳೆಗಾರರು ಊರು ನೋಡಲೆಂದು ಬೆಂಗಳೂರಿಗೆ ಬಂದ ಉದಾಹರಣೆ ಶಾಸ್ತ್ರದಲ್ಲಿಲ್ಲ. ಆಸ್ಪತ್ರೆಗೆ ಬರುತ್ತಾರೆ, ಮದುವೆಗೆ ಬರುತ್ತಾರೆ, ಮೊಮ್ಮಗುವಿನ ನಾಮಕರಣಕ್ಕೆ ಬರುತ್ತಾರೆ. ಆಮೇಲೆ ‘ಹೆಂಗೂ ಬಂದಾಯ್ತಲ್ಲ’ ಎಂಬ ಮಹಾವಾಕ್ಯದ ಬಲದಿಂದ ಊರು ನೋಡುತ್ತಾರೆ. ಆದ್ದರಿಂದ ಮೊದಲ ಸೂತ್ರ: ನಗರದರ್ಶನವು ಆನುಷಂಗಿಕ, ತೋಟವೇ ನಿತ್ಯ.

ಕಾಲನಿರ್ಣಯ ಕಷ್ಟದ್ದು. ನವೆಂಬರಿನಿಂದ ಫೆಬ್ರವರಿವರೆಗೆ ಕುಯ್ಲು. ಮಾರ್ಚಿನಲ್ಲಿ ಹೂಮಳೆಗೆ ಕಾಯಬೇಕು. ಅದು ಬಂದರೆ ಬ್ಯಾಕಿಂಗ್ ಮಳೆಗೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಎಳೆಯಬೇಕು. ಆಮೇಲೆ ಮರಗಸಿ, ಗೊಬ್ಬರ, ಮಳೆಗಾಲ. ಇವುಗಳ ಸಂದಿಯಲ್ಲಿ ಸಿಗುವ ಎರಡೂವರೆ ದಿನಗಳನ್ನೇ ವಿದ್ವಾಂಸರು ನೆಂಟಪರ್ವ ಎನ್ನುತ್ತಾರೆ. ಆ ಪರ್ವದಲ್ಲೂ ದಿನಕ್ಕೆರಡು ಸಲ ಫೋನ್ ಮಾಡಿ, ತೋಟದ ರೈಟರ್ ಬಾಯಿಂದ ಮಳೆಯ ಲೆಕ್ಕ ‘ಒಂದು ಇಂಚು ಇಪ್ಪತ್ತು ಸೆಂಟ್ಸ್’ ಎಂದು ಕೇಳಿಸಿಕೊಳ್ಳದೆ ದೊಡ್ಡಪ್ಪಂದಿರು ಕಾರು ಹತ್ತುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಗರವಾಸಿ ಮಗ ನೆಂಟರನ್ನು ಮೊದಲು ಒಯ್ಯುವುದು ಲಾಲ್‌ಬಾಗಿಗೆ. ಹಸಿರು ಕಂಡರೆ ಅವರಿಗೆ ಖುಷಿಯಾದೀತು ಎಂಬುದು ಪೂರ್ವಪಕ್ಷ. ಜನ್ಮವಿಡೀ ಹಸಿರಿನಲ್ಲೇ ಜಿಗಣೆ ಕೀಳಿಸಿಕೊಂಡವರಿಗೆ ಹಸಿರು ತೋರಿಸುವುದರ ತಾರ್ಕಿಕ ದೋಷವನ್ನು ಇಲ್ಲಿ ಬೆಳೆಸುವುದಿಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಈ ತೋಟ ಈಗ 240 ಎಕರೆ ಎಂದು ಮಗ ಹೇಳುತ್ತಾನೆ. ದೊಡ್ಡಪ್ಪ ಕಾಣುವುದೇ ಬೇರೆ. ಸಿಲ್ವರ್ ಓಕ್ ಸಿಕ್ಕಲ್ಲೆಲ್ಲ ನಿಂತು, ಕಾಂಡ ತಟ್ಟಿ, ಕತ್ತೆತ್ತಿ, ‘ಇಷ್ಟು ಮರ ಇದೆ, ಒಂದಕ್ಕೂ ಮೆಣಸಿನ ಬಳ್ಳಿ ಹಬ್ಸಿಲ್ವಲ್ಲೋ’ ಎನ್ನುತ್ತಾರೆ. ನೆರಳು ಜಾಸ್ತಿಯಾಗಿದೆ, ಕಸಿ ಮಾಡಿಲ್ಲ, ಮ್ಯಾನೇಜರ್ ಸರಿಯಿಲ್ಲ. ಮುನ್ನೂರು ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಗೌರವಿಸುವ ಬಂಡೆಯ ಮೇಲೆ ಚಪ್ಪಲಿ ಉಜ್ಜಿ ನೋಡಿದ ಅವರ ತೀರ್ಪು: ‘ಒಳ್ಳೆ ಕಣ. ಐನೂರು ಮೂಟೆ ಒಣಗಿಸಬಹುದು. ಸುಮ್ನೆ ಬಿಟ್ಟಿದಾರೆ.’

ಇದರಿಂದ ಸಿದ್ಧಾಂತ ಹುಟ್ಟುತ್ತದೆ: ಬೆಳೆಗಾರನಿಗೆ ಬೆಂಗಳೂರು ಅನ್ಯಲೋಕವಲ್ಲ, ಉಸ್ತುವಾರಿ ತಪ್ಪಿದ ದೊಡ್ಡ ಎಸ್ಟೇಟು.

ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ಇದಕ್ಕೆ ಪ್ರಬಲ ಪ್ರಮಾಣ ದೊರೆಯಿತು. ಒಂದು ರೈಲಿನಿಂದ ಇಳಿದು ಇನ್ನೊಂದಕ್ಕೆ ಓಡುವ ಜನಸಾಗರವನ್ನು ದೊಡ್ಡಪ್ಪ ಕಣ್ಣರಳಿಸಿ ನೋಡಿದರು. ರೈಲನ್ನು ನೋಡಲಿಲ್ಲ. ‘ಆಳು ಇಲ್ಲ ಅಂತ ಅಸ್ಸಾಮಿಂದ ಕರ್ಸ್ಕೊಂಡು ಕುಯ್ಲು ಮಾಡಿಸ್ತಿದೀವಿ. ಇಲ್ಲಿ ಇಷ್ಟು ಜನ ಸುಮ್ನೆ ಹತ್ತಿ ಇಳೀತಿದಾರಲ್ಲ ಮಾರಾಯ!’ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ನಿಂತಾಗ, ರಸ್ತೆಗೆ ಆನೆ ಇಳಿದಿರಬೇಕೆಂದು ಮೊದಲು ಊಹಿಸಿದರು. ಬೋರ್ಡಿನ ಹೆಸರು ಕೇಳಿದ ಮೇಲೆ, ರೇಷ್ಮೆಗೆ ಒಳ್ಳೆ ರೇಟು ಬಂದಿರಬೇಕು ಎಂದು ತಿದ್ದಿಕೊಂಡರು.

ಕಳಸ ಶಾಖೆಯ ವಿಚಾರ ಬೇರೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ ಬಡಿಸುವುದನ್ನು ಕಂಡು ಬೆಳೆದ ಚಿಕ್ಕಮ್ಮ, ಬಸವನಗುಡಿಯ ದೊಡ್ಡ ಬಸವಣ್ಣನಿಗೆ ಸುತ್ತು ಬಂದು, ‘ಊಟ ಎಲ್ಲಿ?’ ಎಂದರು. ಬಸವಣ್ಣನಿಗೆ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ ಎಂದು ವಿವರಿಸಿದೆವು. ‘ಅದು ಅವನ ಊಟ ಆಯ್ತು. ನಮ್ದು ಎಂತ?’ ಈ ಆಕ್ಷೇಪಕ್ಕೆ ವ್ಯಾಖ್ಯಾನಕಾರರು ಇನ್ನೂ ಸಮಾಧಾನ ಕೊಟ್ಟಿಲ್ಲ.

ಬೆಂಗಳೂರಿನಲ್ಲಿ ದೊಡ್ಡಪ್ಪ ತಾವಾಗಿ ನೋಡಬೇಕೆಂದದ್ದು ಒಂದೇ ಕಟ್ಟಡ: ಅಂಬೇಡ್ಕರ್ ಬೀದಿಯ ಕಾಫಿ ಬೋರ್ಡ್. ಜಗತ್ತಿನ ಪ್ರವಾಸಿಗರು ವಿಧಾನಸೌಧದತ್ತ ಮುಖ ಮಾಡಿ ಫೋಟೋ ತೆಗೆಸಿಕೊಳ್ಳುವ ಬೀದಿಯಲ್ಲಿ ಇವರ ಮುಖ ಬೋರ್ಡಿನತ್ತ. ಬೆಳೆದದ್ದನ್ನೆಲ್ಲ ಬೋರ್ಡಿನ ಪೂಲ್‌ಗೆ ಸುರಿದು, ಕಂತು ಕಂತಾಗಿ ಬರುವ ಹಣಕ್ಕೆ ಕಾದು, ಆ ಕಂತಿನ ಲೆಕ್ಕದಲ್ಲಿ ಮಗಳ ಮದುವೆ ಗೊತ್ತುಮಾಡುತ್ತಿದ್ದ ಕಾಲವೊಂದಿತ್ತು. 1990ರ ದಶಕದಲ್ಲಿ ಮುಕ್ತ ಮಾರಾಟ ಬಂದು ಆ ಕಾಲ ಮುಗಿಯಿತು. ದೊಡ್ಡಪ್ಪ ಆ ಕಟ್ಟಡವನ್ನು ಬೈದರೋ ಹೊಗಳಿದರೋ ತಿಳಿಯಲಿಲ್ಲ. ಎರಡೂ ಒಂದೇ ವಾಕ್ಯದಲ್ಲಿದ್ದವು.

ಕೊನೆಯ ಪ್ರಕರಣ ಕೆಫೆ. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದ ಮೇಲೆ, ನಮ್ಮ ಕಾಫಿಯನ್ನು ನಾವೇ ದುಡ್ಡು ಕೊಟ್ಟು ಕುಡಿಯಬಹುದೆಂಬ ಪಕ್ಷಕ್ಕೆ ಬಲ ಬಂದಿದೆ. ನಾವು ಹೊಕ್ಕದ್ದು ಬೇರೊಂದು ಅಂಗಡಿ.

‘ಅರೇಬಿಕಾನೋ ರೋಬಸ್ಟಾನೋ?’

‘ಕ್ಯಾಪುಚಿನೋ, ಸರ್.’

‘ಚಿಕೋರಿ ಎಷ್ಟು ಪರ್ಸೆಂಟು?’

ಹುಡುಗ ಒಳಗೆ ಕೇಳಿಬರಲು ಹೋದ. ಅಷ್ಟರಲ್ಲಿ ದೊಡ್ಡಪ್ಪ ಟಿಶ್ಯೂ ಕಾಗದದ ಮೇಲೆ ಲೆಕ್ಕ ಹಾಕಿದ್ದರು: ಕಪ್ಪಿಗೆ ಹತ್ತು ಗ್ರಾಂ ಪುಡಿ, ಕೆಜಿಗೆ ನೂರು ಕಪ್ಪು, ಕಪ್ಪಿಗೆ 240 ರೂಪಾಯಿ, ಐವತ್ತು ಕೆಜಿ ಮೂಟೆಗೆ ಹನ್ನೆರಡು ಲಕ್ಷ. ಔಟ್‌ಟರ್ನ್ ಕಳೆದು ಮತ್ತೊಮ್ಮೆ ಗುಣಿಸಿ, ಕಾಗದವನ್ನು ಮಡಚಿ ಜೇಬಿಗಿಟ್ಟರು.

ಬಿಲ್ಲು ಕೊಟ್ಟವರು ಯಾರೆಂಬ ಬಗ್ಗೆ ಎರಡು ಪಾಠಾಂತರಗಳಿವೆ. ಮೂಡಿಗೆರೆಯಲ್ಲಿ ಪ್ರಚಲಿತವಿರುವ ಪಾಠದಂತೆ ದೊಡ್ಡಪ್ಪ. ಬೆಂಗಳೂರು ಪಾಠದಂತೆ, ಅವರು ಅಂಗಿಯೊಳಗಿನ ಬನಿಯನ್ ಜೇಬಿಗೆ ಕೈಹಾಕಿ ತೆಗೆಯುವಷ್ಟರಲ್ಲಿ ಸೊಸೆ ಫೋನಿನಲ್ಲೇ ಕೊಟ್ಟಾಗಿತ್ತು.