ಜೀವೋದ್ಧಾರಕ ಕಾಕಾ

ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗಿನ ಸೀಮೆಯಲ್ಲಿ ಯಾವ ಓಣಿಯನ್ನು ಹೊಕ್ಕರೂ ಅಲ್ಲೊಂದು ಬೇವಿನ ಮರ, ಅದರ ಬುಡಕ್ಕೊಂದು ಕಟ್ಟೆ, ಆ ಕಟ್ಟೆಯ ಮೇಲೆ ಪರರ ಸಂಕಟವನ್ನು ಆ ಪರರಿಗಿಂತ ಮೊದಲೇ ಅರಿಯಬಲ್ಲ ಮಹನೀಯರೊಬ್ಬರು ವಿರಾಜಮಾನರಾಗಿರುವುದು ಸೃಷ್ಟಿನಿಯಮವೇ ಎಂದು ತೋರುತ್ತದೆ. ಜನ್ಮನಾಮವೇನೇ ಇರಲಿ, ಓಣಿಯ ಕನ್ನಡಿಗರಿಗೂ ಮರಾಠಿಗರಿಗೂ ತೆಲುಗು ನೇಕಾರರಿಗೂ ಅವರು ‘ಕಾಕಾ’. ನೌಕರಿಯಿಂದ ನಿವೃತ್ತರಾದವರು, ಪರೋಪಕಾರದಿಂದ ಅಲ್ಲ. ಗುರುವಾರ ಗುರುವಾರ ಅಕ್ಕಲಕೋಟೆಗೆ ಹೋಗಿ, ಸ್ವಾಮಿ ಸಮರ್ಥರ ದರ್ಶನವನ್ನು ಮುಗಿಸಿ ವಟವೃಕ್ಷದ ಬಳಿ ಸುಖವಾಗಿ ಕುಳಿತ ಪರವೂರಿನ ಯಾತ್ರಿಕರನ್ನು ಎಬ್ಬಿಸಿ, ಇದಕ್ಕಿಂತ ಉತ್ತಮವಾದ ನೆರಳಿಗೆ ಬಿಸಿಲಿನಲ್ಲಿಯೇ ನಡೆಸಿಕೊಂಡು ಹೋಗುವುದು ಅವರ ಸಾಪ್ತಾಹಿಕ ವ್ರತ.

ಆದರೆ ಮನುಷ್ಯರಲ್ಲಿ ಒಂದು ದೋಷವುಂಟು: ಉಪಕಾರ ಮಾಡಹೋದವರಿಗೆ ಅವರು ‘ಬ್ಯಾಡ್ರಿ’ ಎನ್ನಬಲ್ಲರು. ಹಕ್ಕಿಯ ಮರಿಗೆ ಆ ಸೌಕರ್ಯವಿಲ್ಲ. ಆದುದರಿಂದಲೇ ಕಾಕಾರ ಕರುಣೆಯು, ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಜನಸಂದಣಿಯ ಮೇಲೆ ವ್ಯರ್ಥವಾಗಿ ಚೆಲ್ಲಿಹೋದರೂ, ಚೈತ್ರ ವೈಶಾಖಗಳಲ್ಲಿ ಗೂಡುಗಳು ತುಂಬಿದೊಡನೆ ತನಗೆ ತಕ್ಕ ಪಾತ್ರವನ್ನು ಕಂಡುಕೊಳ್ಳುವುದು.

‘ಕಾಕಾ, ಪಿಲ್ಲು ಬಿತ್ತು!’ ಎಂದು ಹುಡುಗರು ಕೂಗಿದರೆ ಸಾಕು. ಮೊಣಕಾಲು ನೋವು ಅಂತರ್ಧಾನವಾಗುತ್ತದೆ. ಬೇವಿನ ಬುಡದಲ್ಲಿ ಗೊರವಂಕದ ಮರಿಯೊಂದು, ಮೈತುಂಬ ಗರಿಯುಳ್ಳದ್ದು, ಮೋಟು ಬಾಲದ್ದು, ಬಾಯಿಯ ಅಂಚಿನ ಹಳದಿ ಇನ್ನೂ ಮಾಸದೆ ಇರುವುದು, ಕುಪ್ಪಳಿಸುತ್ತ ಲೋಕವನ್ನು ಪರೀಕ್ಷಿಸುತ್ತಿರುತ್ತದೆ. ಅದನ್ನು ಹಿಡಿಯುವುದಕ್ಕೆ ಕಾಕಾ ಬಾಗುವರು, ಅದು ಹಾರುವುದು, ಇವರು ಬೆನ್ನಟ್ಟುವರು, ಕಡೆಗೆ ದಣಿದು ನಿಂತ ಪ್ರಾಣಿಯನ್ನು ಎರಡೂ ಕೈಗಳಿಂದ ಎತ್ತಿ, ‘ಪಾಪ, ಶಕ್ತಿನೇ ಇಲ್ಲ ನೋಡ್ರಿ’ ಎಂದು ನಿದಾನ ಹೇಳುವರು. ತತ್ಕ್ಷಣವೇ ಬೂಟಿನ ಡಬ್ಬಿ ಬರುತ್ತದೆ. ಉಷ್ಣಮಾನವು 40 ಅಂಶವನ್ನು ದಾಟಿ, ಓಣಿಯ ನಾಯಿಗಳು ಮೋರಿಯಲ್ಲಿ ಮಲಗಿರುವ ಆ ಮಧ್ಯಾಹ್ನದಲ್ಲಿ, ಮರಿಗೆ ಚಳಿಯಾದೀತೆಂದು ಸೊಲ್ಲಾಪುರದ ದಪ್ಪ ಚಾದರದ ತುಂಡೊಂದು ಅದಕ್ಕೆ ಹೊದಿಕೆಯಾಗುತ್ತದೆ. ಬಳಿಕ ಹಾಲಿನಲ್ಲಿ ನೆನೆಸಿದ ಜೋಳದ ಭಾಕರಿ. ಅದೂ ಸಾಲದೆ ನೀರು, ಕೊಕ್ಕನ್ನು ಒತ್ತಿ ತೆರೆದು, ಹತ್ತಿಯ ಬತ್ತಿಯಿಂದ ತೊಟ್ಟು ತೊಟ್ಟಾಗಿ.

ಎದುರುಮನೆಯ ಹೊಸ್ತಿಲಲ್ಲಿ ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಸುತ್ತುತ್ತಿರುವ ಆಯಿ, ಎಲೆಯನ್ನು ಕತ್ತರಿಸುವ ಕತ್ತರಿಯನ್ನು ನಿಲ್ಲಿಸದೆ, ‘ಕಾಕಾರ, ಅದು ಬಿದ್ದಿಲ್ಲರೀ, ಇಳದದ. ಅದರವ್ವ ತಂತಿ ಮ್ಯಾಲ ಕುಂತು ನಿಮ್ಮನ್ನ ಬೈಯಾಕ ಹತ್ತ್ಯಾಳ’ ಎನ್ನುವಳು.

ಪಕ್ಷಿಶಾಸ್ತ್ರದ ಗ್ರಂಥಗಳು ಪುಟಗಟ್ಟಲೆ ಹೇಳುವುದೂ ಇದನ್ನೇ. ಗರಿ ಮೂಡಿದ ಮರಿಯು ಗೂಡನ್ನು ಬಿಟ್ಟು ಕೆಲವು ದಿನ ನೆಲದ ಮೇಲೂ ಗಿಡದ ಕೆಳಗೊಂಬೆಗಳಲ್ಲಿಯೂ ಅಡ್ಡಾಡುವುದು ಅದರ ವಿದ್ಯಾಭ್ಯಾಸ. ತಾಯಿತಂದೆಗಳು ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ನಾವು ಮಾಡಬೇಕಾದುದು ಬೆಕ್ಕನ್ನು ಓಡಿಸಿ ದೂರ ಸರಿಯುವುದು, ಅಷ್ಟೆ. ಕಣ್ಣು ತೆರೆಯದ, ಗರಿ ಬಾರದ ಮರಿಯಾದರೆ ಅದನ್ನು ಎತ್ತಿ ಗೂಡಿಗೇ ಇಡಬೇಕು. ಗೂಡು ಹಾಳಾಗಿದ್ದರೆ ಸಣ್ಣ ಬುಟ್ಟಿಯೊಂದನ್ನು ಅದೇ ಕೊಂಬೆಗೆ ಕಟ್ಟಿದರೂ ನಡೆದೀತು. ಹಾಲು ಹಕ್ಕಿಗಳಿಗೆ ಜೀರ್ಣವಾಗದು. ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ, ನಾವು ದಯೆಯಿಂದ ಬಿಟ್ಟ ನೀರು ಪುಪ್ಪುಸಕ್ಕೆ ಇಳಿಯುವ ಭಯವುಂಟು. ಇನ್ನು, ಮನುಷ್ಯನ ಕೈ ಸೋಕಿದ ಗುಬ್ಬಿಮರಿಗೆ ಅದರ ಜಾತಿಬಾಂಧವರು ಬಹಿಷ್ಕಾರ ಹಾಕಿ ಕುಕ್ಕಿ ಕೊಲ್ಲುವುವೆಂದು ನಮ್ಮ ಕಡೆ ಪ್ರಚಲಿತವಾಗಿರುವ ನಂಬಿಕೆಯು ಹಕ್ಕಿಗಳಿಗೆ ತಿಳಿಯದು. ಬಹಿಷ್ಕಾರವೆಂಬುದು ನಾವು ನಮ್ಮ ಮನೆಯಿಂದ ಅವುಗಳ ಗೂಡಿಗೆ ಒಯ್ದಿಟ್ಟ ಸಾಮಾನು.

ಕಾಕಾರಿಗೆ ಇದಾವುದೂ ತಿಳಿಯದೆಂದಲ್ಲ. ಆದರೆ ‘ದೂರ ಸರಿಯಿರಿ’ ಎಂಬ ಶಾಸ್ತ್ರದಲ್ಲಿ ಅವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲವಲ್ಲ! ಒಮ್ಮೆ ಮಾಳಿಗೆಯ ಜಂತಿಯಿಂದ ಗರಿಯಿಲ್ಲದ ಗುಬ್ಬಿಮರಿಯೊಂದು ನಿಜವಾಗಿಯೂ ಬಿದ್ದಿತು. ಕಾಕಾ ಡಬ್ಬಿಯನ್ನು ಅರಸುತ್ತಿರುವಷ್ಟರಲ್ಲಿ ಮಗ್ಗದ ಮನೆಯ ಹುಡುಗನು ನಿಚ್ಚಣಿಕೆಯನ್ನು ತಂದು ಹತ್ತಿ, ಮರಿಯನ್ನು ಗೂಡಿನೊಳಗಿಟ್ಟು ಇಳಿದು, ಕೈ ಝಾಡಿಸಿಕೊಂಡು ಮಗ್ಗಕ್ಕೆ ಹೋದನು. ತಾಯಿಗುಬ್ಬಿಯು ಹುಳವೊಂದನ್ನು ಕಚ್ಚಿಕೊಂಡು ಬಂದು ಏನೂ ನಡೆದಿಲ್ಲವೆಂಬಂತೆ ಒಳಗೆ ಸೇರಿತು. ಅಂದು ಸಾಯಂಕಾಲ ಕಾಕಾರಷ್ಟು ಖಿನ್ನರಾದವರು ಸೊಲ್ಲಾಪುರದಲ್ಲಿ ಮತ್ತಾರೂ ಇರಲಿಲ್ಲ.

ಅವರ ಕೀರ್ತಿಯು ಜಿಲ್ಲೆಯ ಗಡಿಯವರೆಗೂ ಹಬ್ಬಬೇಕಾದುದು ನಾನ್ನಜದ ಪ್ರಸಂಗದಿಂದ. ಮಾಳಢೋಕನೆಂಬ ಹೆಬ್ಬಕ್ಕಿಗಾಗಿ 1979ರಲ್ಲಿ ಅಭಯಾರಣ್ಯವಾದ ಊರದು. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುವ ಹಕ್ಕಿಯನ್ನು ಅದರ ಪಾಡಿಗೆ ಬಿಡುವುದೇ ಪರಮೋಪಕಾರವೆಂದು ಸರಕಾರವೇ ಒಪ್ಪಿಕೊಂಡ ಸ್ಥಳ. ಅಲ್ಲಿಯ ನೆಂಟರ ಹೊಲದಲ್ಲಿ ಕಾಕಾರ ಕಣ್ಣಿಗೆ ಟಿಟ್ಟಿಭದ ಮರಿಯೊಂದು ಬಿದ್ದಿತು. ಆ ಮರಿಗಳು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ನಡೆದಾಡುವುವು. ತಾಯಿ ಕೂಗಿ ಎಚ್ಚರಿಸಿದೊಡನೆ ಮಣ್ಣಿನ ಹೆಂಟೆಯ ಹಾಗೆ ನೆಲಕ್ಕಂಟಿ ನಿಶ್ಚಲವಾಗುವುವು. ಆ ನಿಶ್ಚಲತೆಯನ್ನು ಕಾಕಾ ಮೂರ್ಛೆಯೆಂದು ಬಗೆದರು. ಪಂಚತಂತ್ರದ ಟಿಟ್ಟಿಭವು ಸಮುದ್ರವು ತನ್ನ ಮೊಟ್ಟೆಗಳನ್ನು ಒಯ್ದಿತೆಂದು ಗರುಡನವರೆಗೆ ದೂರು ಒಯ್ದುದನ್ನು ಮರೆತು, ‘ಅನಾಥ, ಅನಾಥ’ ಎನ್ನುತ್ತ ಅದನ್ನು ಕರವಸ್ತ್ರದಲ್ಲಿ ಸುತ್ತಿದರು. ಆ ಅನಾಥನ ತಾಯಿತಂದೆಗಳಿಬ್ಬರೂ ಅವರ ಟೋಪಿಯ ಮೇಲೆ ಗೇಣಿನ ಅಂತರದಲ್ಲಿ ಹಾರಾಡುತ್ತ ಆಕ್ರೋಶ ಮಾಡುತ್ತಿದ್ದುವು. ಅದನ್ನು ಕೃತಜ್ಞತೆಯೆಂದು ಭಾವಿಸಿ ಕಾಕಾ ಕೈಯೆತ್ತಿ ಸಮಾಧಾನ ಹೇಳಿದರಂತೆ. ಕುರಿ ಕಾಯುವ ಹುಡುಗನು ಓಡಿಬಂದು, ಎತ್ತಿದ ಜಾಗದಲ್ಲಿಯೇ ಇಡಿಸಿದ ಮೇಲೆ ಮರಿಯು ಎದ್ದು ನಡೆಯಿತು. ಕಾಕಾ ಈಗ ಹೇಳುವುದು: ‘ಉಪಚಾರದಿಂದ ಹುಷಾರಾತು.’

ಸಲೀಮ್ ಅಲಿಯವರ ಕಥೆ ಅವರಿಗೆ ಬಾಯಿಪಾಠ. 1908ರಲ್ಲಿ ಬಾಲಕನೊಬ್ಬನು ಹಳದಿ ಕತ್ತಿನ ಗುಬ್ಬಿಯೊಂದನ್ನು ಒಯ್ದು ಮುಂಬಯಿಯ ನಿಸರ್ಗೇತಿಹಾಸ ಸಂಘದ ಬಾಗಿಲು ತಟ್ಟಿದನೆಂದೂ, ಆತನೇ ಮಹಾಪಕ್ಷಿಶಾಸ್ತ್ರಜ್ಞನಾಗಿ ತನ್ನ ಆತ್ಮಕಥೆಗೆ ‘ಫಾಲ್ ಆಫ್ ಎ ಸ್ಪ್ಯಾರೋ’ ಎಂದು ಹೆಸರಿಟ್ಟನೆಂದೂ ಕಣ್ಣಲ್ಲಿ ನೀರು ತಂದುಕೊಂಡು ವರ್ಣಿಸುವರು. ಆ ಗುಬ್ಬಿಯನ್ನು ಬಾಲಕನೇ ಬಂದೂಕಿನಿಂದ ಹೊಡೆದಿದ್ದನೆಂಬ ಅಂಶವನ್ನು ಮಾತ್ರ ಬಿಟ್ಟುಬಿಡುವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೂ ಅವರಿಗೆ ಅಪಾರ ಗೌರವ. ಈ ಮಾತನ್ನು ಅವರು ಹೇಳುವಾಗ ಪಡಸಾಲೆಯ ಪಂಜರದಿಂದ ಗಿಳಿಯೊಂದು ‘ಯಾ, ಬಸಾ’ ಎಂದು ಅಚ್ಚ ಮರಾಠಿಯಲ್ಲಿ ನಡುವೆ ಬಾಯಿ ಹಾಕುವುದು. ಅದು ಸಾಕಿದ ಗಿಳಿಯಲ್ಲ. ಮರಿಯಾಗಿದ್ದಾಗ ಬಿದ್ದುದು, ರೆಕ್ಕೆ ಬಲಿಯುವವರೆಗೆ ತಾತ್ಪೂರ್ತಿಕವಾಗಿ ಇರಿಸಿಕೊಂಡುದು. ಕಾಯಿದೆಯು ಇಂಥ ತಾತ್ಪೂರ್ತಿಕಕ್ಕೂ ಆಸ್ಪದ ಕೊಡುವುದಿಲ್ಲವೆಂದು ಯಾರಾದರೂ ಸೂಚಿಸಿದರೆ ಕಾಕಾ ಚಹ ತರಿಸುವರು. ಮನೆಯಾಕೆ ಒಳಗಿನಿಂದಲೇ, ‘ಇವರ ಕೈಯಾಗ ಸಿಕ್ಕಿದ್ದು ಹಾರಿ ಹೋಗೋದಂದ್ರೇನ್ರಿ, ನನ್ನನ್ನೇ ನೋಡ್ರಿ’ ಎಂದು ಬಂದವರಿಗೆ ತಿಳಿಸುವರು.

ಈ ವರ್ಷ ಓಣಿಯಲ್ಲಿ ಮಹತ್ತರವಾದ ಧರ್ಮಸಂಕಟವೊಂದು ಉದ್ಭವಿಸಿದೆ. ಬೇವಿನ ತುದಿಯಲ್ಲಿರುವ ಕಾಗೆಯ ಗೂಡಿನಲ್ಲಿ ಬೆಳೆಯುತ್ತಿರುವುದು ಕೋಗಿಲೆಯ ಮರಿ. ಸಂಸ್ಕೃತ ಕವಿಗಳು ಪರಭೃತವೆಂದು ಕರೆದು ಅಲ್ಲಿಗೇ ಸುಮ್ಮನಾದ ಈ ವಿಷಯದಲ್ಲಿ ಕಾಕಾ ಸುಮ್ಮನಿರಲಾರರು. ‘ಹೆತ್ತಾಕಿ ಒಬ್ಬಾಕಿ, ಸಾಕಾಕಿ ಒಬ್ಬಾಕಿ. ಇದಕ್ಕ ನ್ಯಾಯ ಬ್ಯಾಡೇನ್ರಿ?’ ಎಂದು ಕಟ್ಟೆಗೆ ಬಂದವರನ್ನೆಲ್ಲ ವಿಚಾರಿಸುತ್ತಿರುವರು. ಮರಿಯನ್ನು ಕಾಗೆಯ ವಶದಿಂದ ಬಿಡಿಸಿ, ಗುಡಿಯ ಹಿಂದಿನ ಮಾವಿನಲ್ಲಿ ಕೂಗುತ್ತಿರುವ ಅದರ ಜನ್ಮದಾತರಿಗೆ ಒಪ್ಪಿಸಬೇಕೆಂಬುದು ಯೋಜನೆ. ಅಲ್ಲಿ ಕೂಗುತ್ತಿರುವುದು ಗಂಡು, ಹೆಣ್ಣಾದರೂ ಮೊಟ್ಟೆಯಿಟ್ಟಂದೇ ಸಂಸಾರದ ಹಂಗನ್ನು ಹರಿದುಕೊಂಡು ಹೋದುದು ಎಂಬುದು ಅವರ ಲೆಕ್ಕಕ್ಕೆ ಬಾರದು. ಕಾಗೆಯು ಈಗಾಗಲೇ ಅವರ ಟೋಪಿಯನ್ನು ಹಾರಿಸಿದೆ. ನಿನ್ನೆ ಕೊಡೆ ಹಿಡಿದುಕೊಂಡು ಬಂದು, ಮಗ್ಗದ ಮನೆಯ ಮುಂದೆ ನಿಂತು ನಿಚ್ಚಣಿಕೆಯನ್ನು ಕೇಳಿದರು. ಹುಡುಗನು ಏನೋ ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಆಯಿ, ಮೊರದಿಂದ ತಲೆಯೆತ್ತದೆ, ‘ಅದನ್ನ ಲಗ್ನದ ಮನೀಗೆ ಕೊಟ್ಟೇವ್ರಿ ಕಾಕಾರ, ಹಂದರ ಹಾಕಾಕ. ಮರಿ ಹಾರಿದ ಮ್ಯಾಲ ತಂದು ಕೊಡ್ತಾರ’ ಎಂದಳು.