ಕೈಗೆ ಒಗ್ಗುವ ಮೌಸ್

ವೈರಿಲ್ಲದ ಮೌಸ್ ಕೊಳ್ಳುವವರು ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಬಣ್ಣ. ದಿನವಿಡೀ ಅದರ ಮೇಲೆ ಕೂರಬೇಕಾದ ಕೈಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಚಪ್ಪಲಿ ಅಂಗಡಿಯಲ್ಲಿ ಎರಡೂ ಕಾಲಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದು, ಕನ್ನಡಿಯಲ್ಲಿ ಪಾದವನ್ನು ನೋಡಿಕೊಂಡು, ಕೊನೆಗೆ ಬೇಡವೆಂದು ಎದ್ದುಬರುವ ಗ್ರಾಹಕರೇ ಮೌಸನ್ನು ಮಾತ್ರ ಡಬ್ಬಿಯ ಮೇಲಿನ ಚಿತ್ರ ನೋಡಿ ಮನೆಗೆ ತರುತ್ತಾರೆ.

ಕೈಯ ಅಳತೆ ತೆಗೆಯುವುದು ಸುಲಭ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಸ್ಕೇಲ್ ಇಟ್ಟರಾಯಿತು. ಸುಮಾರು 17 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸಣ್ಣ ಕೈ, 19 ದಾಟಿದರೆ ದೊಡ್ಡದು. ಲ್ಯಾಪ್‌ಟಾಪ್ ಚೀಲದಲ್ಲಿ ಹಿಡಿಸಲೆಂದು ಮಾಡಿದ ಚಪ್ಪಟೆ ಮೌಸ್ ದೊಡ್ಡ ಕೈಗೆ ಸಿಕ್ಕರೆ ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಅದು ದಿನವೆಲ್ಲ ಮೇಜನ್ನು ಒರೆಸುತ್ತ ಹೋಗುತ್ತದೆ. ಬೆನ್ನುಬ್ಬಿದ ದೊಡ್ಡ ಮೌಸ್ ಸಣ್ಣ ಕೈಗೆ ಬಂದರೆ ಚಕ್ರ ತಿರುಗಿಸಲು ಬೆರಳು ನಿಗುರಬೇಕು. ಹಿಡಿತದಲ್ಲೂ ಭೇದವಿದೆ. ಇಡೀ ಅಂಗೈಯನ್ನು ಮೌಸಿನ ಮೇಲೆ ಒರಗಿಸುವವರಿಗೆ ಉಬ್ಬು ಬೇಕು. ಬೆರಳ ತುದಿಯಲ್ಲಷ್ಟೇ ನಡೆಸುವವರಿಗೆ ಹಗುರವಾದ, ತಗ್ಗಾದ ಮೌಸೇ ಹಿತ.

ಈ ಚಿಂತೆಗಳೆಲ್ಲ ಆಮೇಲೆ ಬಂದವು. ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ ಬಿಲ್ ಇಂಗ್ಲಿಷ್ 1964ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಿಸಿದ ಮೊದಲ ಮೌಸ್ ಒಂದು ಮರದ ಪೆಟ್ಟಿಗೆ: ಮೇಲೆ ಒಂದು ಗುಂಡಿ, ಕೆಳಗೆ ಎರಡು ಚಕ್ರ. ಕೈಯೇ ಪೆಟ್ಟಿಗೆಗೆ ಹೊಂದಿಕೊಳ್ಳಬೇಕಿತ್ತು.

ಅಂಗೈಯನ್ನು ಕೆಳಮುಖ ಮಾಡಿದಾಗ ಮೊಣಕೈ ಮತ್ತು ಮಣಿಕಟ್ಟಿನ ನಡುವಿನ ಎರಡು ಮೂಳೆಗಳು ಒಂದರ ಮೇಲೊಂದು ಅಡ್ಡ ಬರುತ್ತವೆ. ಗಂಟೆಗಟ್ಟಲೆ ಹಾಗೇ ಇರುವುದು ಕೆಲವರಿಗೆ ಒಗ್ಗುವುದಿಲ್ಲ. ಅಂಥವರಿಗಾಗಿ ನಿಂತ ಮೌಸ್ ಬಂದಿದೆ. ಲಾಜಿಟೆಕ್‌ನ ಎಂಎಕ್ಸ್ ವರ್ಟಿಕಲ್ 57 ಡಿಗ್ರಿ ಓರೆಯಾಗಿದೆ. ಕೈಕುಲುಕುವ ಭಂಗಿಯಲ್ಲಿ ಅದನ್ನು ಹಿಡಿಯಬೇಕು. ಮೊದಲ ದಿನಗಳಲ್ಲಿ ಗುಂಡಿ ಒತ್ತಿದಾಗಲೆಲ್ಲ ಮೌಸೇ ಪಕ್ಕಕ್ಕೆ ಸರಿಯುತ್ತದೆ, ಪಕ್ಕದ ಮೇಜಿನವರು ಬಂದು, ಅದು ಬಿದ್ದು ಒಡೆದಿದೆಯೇ ಎಂದು ವಿಚಾರಿಸುತ್ತಾರೆ. ಟ್ರ್ಯಾಕ್‌ಬಾಲ್ ಇನ್ನೊಂದು ದಾರಿ: ಮೌಸ್ ಕೂತಲ್ಲೇ ಕೂತಿರುತ್ತದೆ, ಗೋಲಿ ಉರುಳಿಸುವ ದುಡಿಮೆ ಹಲವು ಮಾದರಿಗಳಲ್ಲಿ ಹೆಬ್ಬೆರಳಿನದು. ಮೊಬೈಲಿನಿಂದ ಆಗಲೇ ಹೆಬ್ಬೆರಳು ನೋಯಿಸಿಕೊಂಡವರು ಅದರ ಸುದ್ದಿಗೆ ಹೋಗದಿರುವುದು ಲೇಸು. ಎಷ್ಟೋ ಸಲ ತಪ್ಪು ಮೌಸಿನದೂ ಅಲ್ಲ. ವರ್ಷಕ್ಕೊಮ್ಮೆ ತೆರಿಗೆಯ ಲೆಕ್ಕಕ್ಕಷ್ಟೇ ಬೇಕಾಗುವ ಅಂಕಿಗಳ ಸಾಲು ಕೀಬೋರ್ಡಿನ ಬಲಕ್ಕೆ ಕೂತು ಮೌಸನ್ನು ಆಚೆ ತಳ್ಳುತ್ತದೆ, ಭುಜ ನೋಯುತ್ತದೆ, ಬೈಗುಳ ಮೌಸಿಗೆ.

ವೈರು ಹೋದರೆ ಸೆಲ್ಲು ಬರುತ್ತದೆ. ಒಂದು ಡಬಲ್ ಎ ಸೆಲ್ಲಿನ ತೂಕ ಸುಮಾರು 23 ಗ್ರಾಂ. ಎರಡು ಹಾಕುವ ಮೌಸಿನಲ್ಲಿ ಕೈ ಅಷ್ಟನ್ನೂ ದಿನವೆಲ್ಲ ಎಳೆಯುತ್ತದೆ. ಆದರೆ ಸೆಲ್ ಮುಗಿದರೆ ಗೋಡೆ ಗಡಿಯಾರದಿಂದ ಕಿತ್ತು ಹಾಕಬಹುದು; ಒಳಗೇ ಬ್ಯಾಟರಿಯಿರುವ ಮೌಸಿಗೆ ಆ ಅನುಕೂಲವಿಲ್ಲ. ಅಂಥದ್ದನ್ನು ಕೊಳ್ಳುವಾಗ ಚಾರ್ಜ್ ಆಗುತ್ತಿರುವಾಗಲೂ ಬಳಸಬಹುದೇ ಎಂದು ನೋಡಬೇಕು. ಆಪಲ್ 2015ರಲ್ಲಿ ತಂದ ಮ್ಯಾಜಿಕ್ ಮೌಸ್ 2ಕ್ಕೆ ಚಾರ್ಜಿಂಗ್ ತೂತು ಹೊಟ್ಟೆಯಡಿ ಇದೆ. ಚಾರ್ಜ್ ಆಗುವಷ್ಟು ಹೊತ್ತು ಅದು ಅಂಗಾತ ಮಲಗಿರಬೇಕು. 2024ರಲ್ಲಿ ತೂತಿನ ಮಾದರಿ ಬದಲಾಯಿತು, ಜಾಗ ಬದಲಾಗಲಿಲ್ಲ.

ಸಂಪರ್ಕಕ್ಕೆ ಬ್ಲೂಟೂತ್ ಅಥವಾ ಪುಟ್ಟ ಯುಎಸ್‌ಬಿ ರಿಸೀವರ್. ಸಾಮಾನ್ಯವಾಗಿ ಎರಡೂ ಓಡುವುದು 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ. ಯುಎಸ್‌ಬಿ 3.0 ಹಾರ್ಡ್ ಡಿಸ್ಕಿನ ಪಕ್ಕದಲ್ಲೇ ರಿಸೀವರ್ ಸಿಕ್ಕಿಸಿದರೆ ಡಿಸ್ಕಿನ ರೇಡಿಯೊ ಗದ್ದಲಕ್ಕೆ ಬಾಣದ ಗುರುತು ತಡವರಿಸುವುದುಂಟು. ಚಿಕ್ಕ ಎಕ್ಸ್‌ಟೆನ್ಷನ್ ವೈರಿನಿಂದ ರಿಸೀವರನ್ನು ದೂರ ತರುವುದು ಪರಿಹಾರ. ವೈರಿಲ್ಲದ ಮೌಸಿಗೆ ಹೀಗೆ ಕೊನೆಗೂ ಒಂದು ವೈರು ಪ್ರಾಪ್ತವಾಗುತ್ತದೆ. ಹಳೆಯ ಲ್ಯಾಪ್‌ಟಾಪ್ ಮಾರುವವರು ರಿಸೀವರ್ ಕಿತ್ತುಕೊಳ್ಳಲು ಮರೆತರೆ, ಬ್ಲೂಟೂತ್ ಇಲ್ಲದ ಅಗ್ಗದ ಮೌಸ್ ಬಹುಮಟ್ಟಿಗೆ ಕಾಗದ ಹಾರದಂತೆ ತಡೆಯಲಷ್ಟೇ ಉಳಿಯುತ್ತದೆ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮೆರೆಯುವ ಡಿಪಿಐ ಸಂಖ್ಯೆಗೆ ಮರುಳಾಗಬೇಕಿಲ್ಲ; ಪತ್ರ ಬರೆಯಲು, ಬ್ಯಾಂಕ್ ಖಾತೆ ನೋಡಲು 800ರಿಂದ 1600 ಧಾರಾಳ. ಮೌಸಿನ ಹೊಟ್ಟೆಯೊಳಗಿನ ಪುಟ್ಟ ಕ್ಯಾಮೆರಾ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಮೇಜಿನ ಚಿತ್ರ ತೆಗೆದು, ಎಷ್ಟು ಸರಿದೆವೆಂದು ಲೆಕ್ಕ ಹಾಕುತ್ತದೆ. ನುಣುಪಾದ ಗಾಜಿನ ಮೇಲೆ ಅದಕ್ಕೆ ಹಿಡಿದುಕೊಳ್ಳಲು ಗುರುತುಗಳೇ ಸಿಗುವುದಿಲ್ಲ. ಗಾಜಿನ ಮೇಜಿನ ಮನೆಗಳಲ್ಲಿ ಮದುವೆ ಕರೆಯೋಲೆಯೊಂದು ಮುಹೂರ್ತ ಕಳೆದು ವರ್ಷವಾದರೂ ಮೌಸಿನಡಿ ಸೇವೆ ಸಲ್ಲಿಸುತ್ತಿರುವುದು ಇದೇ ಕಾರಣಕ್ಕೆ. ಆಯುಧಪೂಜೆಯ ಮಾರನೆಯ ದಿನ ಕಚೇರಿಯಲ್ಲಿ ಬಾಣ ಮನಸ್ಸು ಬಂದಂತೆ ಓಡಾಡಿದರೆ ಮೊದಲು ಆ ಕ್ಯಾಮೆರಾದ ಕಿಂಡಿಯಲ್ಲಿ ಕುಂಕುಮ ಕೂತಿದೆಯೇ ಎಂದು ನೋಡುವುದು ಒಳ್ಳೆಯದು.

ರಾತ್ರಿ ಮಗುವಿನ ಪಕ್ಕ ಕೂತು ಕೆಲಸ ಮಾಡುವವರಿಗೆ ಸದ್ದಿಲ್ಲದ ಕ್ಲಿಕ್ಕಿನ ಮೌಸ್ ಇದೆ. ಡಬ್ಬಿ ಬಿಚ್ಚಿ ಕೈಗೆ ಕೊಡುವ ಅಂಗಡಿ ಸಿಕ್ಕರೆ ಕಣ್ಣು ಮುಚ್ಚಿ ಹಿಡಿದು, ಬದಿಯ ಗುಂಡಿಗಳು ಹಿಡಿತ ಬದಲಿಸದೆ ಹೆಬ್ಬೆರಳಿಗೆ ಎಟಕುತ್ತವೆಯೇ ಎಂದು ಪರೀಕ್ಷಿಸಬೇಕು. ಆನ್‌ಲೈನಿನಲ್ಲಾದರೆ ವಾಪಸು ಕೊಡುವ ಷರತ್ತನ್ನು ಮೊದಲೇ ಓದಬೇಕು.

ಎಡಗೈಯವರ ಪಾಡು ಬೇರೆ. ಚೆನ್ನಾಗಿ ಕಡೆದ ಮೌಸುಗಳೆಲ್ಲ ಹೆಚ್ಚಾಗಿ ಬಲಗೈಗೇ ಮೀಸಲು. ಅವರಿಗೆ ಉಳಿಯುವುದು ಎರಡೂ ಬದಿ ಒಂದೇ ಆಗಿರುವ ಸಾದಾ ಮೌಸ್. ಸೆಟ್ಟಿಂಗಿನಲ್ಲಿ ಗುಂಡಿಗಳನ್ನು ಅದಲುಬದಲು ಮಾಡಿಕೊಂಡರೆ ಕೆಲಸ ನಡೆಯುತ್ತದೆ. ಅದೇ ಕಂಪ್ಯೂಟರಿಗೆ ಆಮೇಲೆ ಬಂದು ಕೂತ ಮನೆಯವರು, ಏನು ಒತ್ತಿದರೂ ಮೆನುವೇ ತೆರೆಯುವುದನ್ನು ಕಂಡು, ವೈರಸ್ ಹೊಕ್ಕಿದೆಯೆಂದು ರಿಪೇರಿಯವನಿಗೆ ಫೋನ್ ಮಾಡುತ್ತಾರೆ.